ಫೋನಿನಲ್ಲಿ ಹೇಳಿದ ವಿಷ

“ಯಾವಾಗ ಹಾಕಿದಿ ಹೇಳಲೇ ವಿಷ? ಮೇವಿನ್ಯಾಗ ಹಾಕಿದ್ಯೋ, ನೀರಾಗ ಹಾಕಿದ್ಯೋ? ಬಾಯಿ ಬಿಡ್ತಿಯೋ, ಹಲ್ಲು ಉದುರಿಸ್ಲೋ, ಸೂಳೆಮಗನ.”

ಆದನಗೌಡ ಗದರಿಸಿ ಕೇಳುತ್ತಿದ್ದ. ಅವನ ಎತ್ತು ಕಾಯುವ ನಮ್ಮ ಕೇರಿಯ ಮಾನಪ್ಪ ಗೂಟಕ್ಕೆ ಕಟ್ಟಿಸಿಕೊಂಡು ಕೂತಿದ್ದ. ಬೆಳಗಿನವರೆಗೆ ಅದೇ ಗೂಟಕ್ಕೆ, ಅದೇ ಹಗ್ಗದಲ್ಲಿ ಗೌಡನ ಬಿಳಿ ಎತ್ತು ಇತ್ತು. ಈಗ ಅದು ಅಂಗಳದ ಆ ಬದಿಗೆ ಕಾಲು ಚಾಚಿ ಸತ್ತು ಬಿದ್ದಿತ್ತು. ಇದು ಖರೇ ಕಥೆ. ಕಥೆ ಕಟ್ಟುವಷ್ಟು ಪುರುಸೊತ್ತು ನಮ್ಮ ಕೇರಿಗೆ ಯಾವತ್ತೂ ಸಿಕ್ಕಿಲ್ಲ. ನಮ್ಮಲ್ಲಿ ಕಟ್ಟುವುದೇನಿದ್ದರೂ ಹೀಗೆ, ಗೂಟಕ್ಕೆ.

ಸತ್ತ ದನ ಎಳೆಯುವವರು ನಾವು. ಆದ್ದರಿಂದ ಊರಲ್ಲಿ ದನ ಸತ್ತರೆ ಕೊಂದವರೂ ನಾವೇ. ತೊಗಲಿನ ಆಸೆಗೆ, ಅನ್ನುತ್ತಾರೆ. ಹೋದ ವರ್ಷ ಪಕ್ಕದ ಊರಿನ ಮಾಳಿಂಗಪ್ಪನನ್ನು ಇದೇ ಮಾತಿನ ಮೇಲೆ ಠಾಣೆಗೆ ಒಯ್ದಿದ್ದರು. ನಡೆದುಕೊಂಡು ಹೋದವನು ಚಕ್ಕಡಿಯಲ್ಲಿ ಬಂದ. ಈಗಲೂ ಹೊಸ್ತಿಲು ದಾಟಿಸಲು ಹೆಂಡತಿ ಅವನನ್ನು ಎತ್ತಬೇಕು.

ಗೌಡನ ಪಡಸಾಲೆಗೆ ಫೋನು ಬಂದದ್ದು ಎತ್ತು ಸತ್ತ ತಿಂಗಳೇ. ಊರಿಗೆಲ್ಲ ಅದೊಂದೇ. ದೂರವಾಣಿ ಬಂದ ಮೇಲೆ ದನದ ಡಾಕ್ಟರು ದೂರವೇ ಉಳಿದರು, ವಾಣಿಯಷ್ಟೇ ಬಂತು. ಅವತ್ತೂ ಅವರು ಪಟ್ಟಣದಲ್ಲಿ ಕೂತೇ ಎತ್ತು ನೋಡಿದ್ದರು.

“ನಿನ್ನೆಯಿಂದ ಮೇವು ಮುಟ್ಟಿಲ್ರಿ, ನರಳತಿತ್ತು. ಮುಂಜಾನೆ ದಬಕ್ಕನ ಬಿತ್ತು ನೋಡ್ರಿ,” ಅಂತ ಗೌಡ ಫೋನಿಗೆ ಕಿರುಚಿದ್ದ. ಆ ಕಡೆಯಿಂದ ಏನೋ ಅಂದರು. ಗೌಡ ರಿಸೀವರಿಟ್ಟು ಹೊರಬಂದಿದ್ದ. “ವಿಷ ಅಂದ್ರು ಡಾಕ್ಟ್ರು. ಚೀಟಿ ಬರದು ಇಡ್ತಾರಂತ. ಮಧ್ಯಾಹ್ನದ ಬಸ್ಸಿಗೆ ಆಳು ಹೋಗಿ ತರ್ತಾನ. ಚೀಟಿ ಬರ್ಲಿ, ಹಿಂದ ಪೋಲೀಸ್ರೂ ಬರ್ತಾರ.”

ಮಾನಪ್ಪನ ನಡುಕ ಹಗ್ಗಕ್ಕೂ ಹತ್ತಿ ಗೂಟ ಅಲುಗುತ್ತಿತ್ತು. ಮೋಟುಗೋಡೆಯಾಚೆ ನಮ್ಮೊಂದಿಗೆ ನಿಂತಿದ್ದ ಅವನ ಹೆಂಡತಿ ಜೋಗಮ್ಮ, “ಯಪ್ಪಾ, ನಿಮ್ಮ ಕಾಲಾಗಿನ ಕೆರ ಅದೀವ್ರಿ, ಬಿಡ್ರಿ,” ಅಂದಳು.

“ಕೆರ ಕಚ್ಚಿದ್ರ ಯಾರೂ ಕಾಲು ಕಡಕೊಳ್ಳಂಗಿಲ್ಲ. ಕೆರಾನ ಒಗೀತಾರ,” ಅಂದ ಗೌಡ.

ಕೇರಿಯಲ್ಲಿ ಬಿ.ಎ. ಓದಿದವನು ಅಂಬಪ್ಪ ಒಬ್ಬನೇ. ನೌಕರಿ ಸಿಕ್ಕಿರಲಿಲ್ಲ, ಕಂಡವರ ದನಿಗಳನ್ನು ಮಾತ್ರ ಒಂದೂ ಬಿಡದೆ ಕಲಿತಿದ್ದ. ದನಗಳಿಗೆ ಸೂಜಿ ಹಾಕುವ ಕ್ಯಾಂಪಿಗೆ ರಾಯಚೂರಿನಿಂದ ಬಂದಿದ್ದ ದೊಡ್ಡ ಸಾಹೇಬರು, ಈ ಡಾಕ್ಟರಿಗೂ ಮೇಲಿನವರು, ಮೈಸೂರು ಕಡೆಯವರು, ಮೂಗಿನಿಂದ ಕಾನೂನಿನ ಭಾಷಣ ಮಾಡಿದ್ದರು. ಅದನ್ನೇ ಅವರ ದನಿಯಲ್ಲಿ ಅಂದು ತೋರಿಸಿ ಅಂಬಪ್ಪ ನಮ್ಮನ್ನು ವಾರವೆಲ್ಲ ನಗಿಸಿದ್ದ. ಈಗ ಯಾರಿಗೂ ಹೇಳದೆ ಸೈಕಲ್ ಹತ್ತಿದ. ಮಸ್ಕಿಯ ಎಸ್‌ಟಿಡಿ ಬೂತಿನಲ್ಲಿ ಕೈ ಬೆವರಿ ರಿಸೀವರು ಜಾರುತ್ತಿತ್ತಂತೆ. ಸಾಹೇಬರ ದನಿ ಜಾರಲಿಲ್ಲ.

“ಏನ್ರೀ ಡಾಕ್ಟ್ರೇ, ಫೋನಲ್ಲೇ ಪೋಸ್ಟ್‌ಮಾರ್ಟಂ ಮಾಡ್ತೀರಂತೆ? ಪ್ರಾಣೀನ ಕಣ್ಣಲ್ಲಿ ನೋಡದೆ ಚೀಟಿ ಬರೆಯೋ ಹಾಗಿಲ್ಲ ಅಂತ ಹೇಳಿದ್ದೆನೋ ಇಲ್ವೋ? ಸಂಜೆ ಆ ಊರಿಗೇ ಬರ್ತಿದೀನಿ. ತಿಳೀತಾ?”

“ತಿಳೀತು ಸಾರ್. ಈಗ ಹೊರಟೆ ಸಾರ್.”

ಗೌಡನ ಆಳು ಬಸ್ಸು ಹತ್ತುವ ಮೊದಲೇ ಡಾಕ್ಟರ ಜೀಪು ಊರು ಮುಟ್ಟಿತು.

“ನೀವ್ಯಾಕ ಬಂದ್ರಿ? ಚೀಟಿ ಕೊಟ್ಟಿದ್ರ ಆಗ್ತಿತ್ತಲ್ಲ,” ಅಂದ ಗೌಡ.

“ದೊಡ್ಡ ಸಾಹೇಬ್ರು ಬರಾಕತ್ಯಾರ್ರಿ ಗೌಡ್ರ. ಕೊಯ್ದು ನೋಡಬೇಕು. ಕೊಯ್ಯಾವ್ರು ಯಾರದಾರ?”

ಕೊಯ್ಯುವವನು ಗೂಟದಲ್ಲಿದ್ದ. ಗೌಡನೇ ಹಗ್ಗ ಬಿಚ್ಚಿಸಬೇಕಾಯಿತು.

ಡಾಕ್ಟರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ದೂರದಿಂದ ಕೋಲು ತೋರಿಸಿದರು. ಮಾನಪ್ಪ ಕೊಯ್ದ. ಚೂರಿ ಜಾರಿತು. ಅವನ ಹೆಬ್ಬೆರಳಿನ ರಕ್ತ ಎತ್ತಿನ ರಕ್ತಕ್ಕೆ ಸೇರಿತು. ಎದೆಯೊಳಗಿಂದ ನಾರುವ ನೀರು ಸುರಿಯಿತು. ಗುಂಡಿಗೆಗೆ ಏನೋ ಚುಚ್ಚಿಕೊಂಡಿತ್ತು. ಎಳೆದ. ಬೆರಳುದ್ದದ ತಂತಿ. ಒಂದು ತುದಿಯಲ್ಲಿ ಕರಿ ಸಿಪ್ಪೆ ಇನ್ನೂ ಅಂಟಿತ್ತು.

ಎಲ್ಲರ ಕಣ್ಣೂ ಪಡಸಾಲೆಯ ಕಿಟಕಿಗೆ ಹೋದವು. ಅದೇ ಕರಿ ತಂತಿ ಕಂಬದಿಂದ ಇಳಿದು ಕಿಟಕಿಯೊಳಗೆ ಹೋಗಿತ್ತು. ಫೋನಿನವರು ಕತ್ತರಿಸಿದ ತುಂಡುಗಳನ್ನು ಬಿಸಾಕಿದ್ದು ಕಿಟಕಿಯ ಕೆಳಗೆ, ಮೇವಿನ ಬಣವೆಯ ಬುಡದಲ್ಲಿ.

“ವಿಷ ಅಲ್ರಿ ಇದು, ಮೇವಿನ ಸಂಗಾಟ ನುಂಗಿದ ತಂತಿ,” ಅಂದರು ಡಾಕ್ಟರು.

ಗೌಡ ದನಿ ತಗ್ಗಿಸಿದ. “ಕೇರಿ ಮುಂದ ನನ್ನ ಮಾತು ಸುಳ್ಳಾಗಬೇಕೇನ್ರಿ? ವಿಷ ಅಂತನ ಬರೀರಿ.”

“ಸಾಹೇಬ್ರು ನೋಡಿದ್ರ ನನ್ನ ನೌಕರಿ ಹೋಗತೈತ್ರಿ.”

“ಸಾಹೇಬ್ರಿಗೆ ನಾ ಹೇಳ್ತೀನಿ ತಗೋರಿ.” ಗೌಡ ಒಳಗೆ ಹೋಗಿ ರಾಯಚೂರಿಗೆ ಫೋನು ಹಚ್ಚಿದ.

ಆಗಷ್ಟೇ ಬಂದು ನಮ್ಮ ನಡುವೆ ನಿಂತಿದ್ದ ಅಂಬಪ್ಪ ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಗೌಡ ಹೊರಬಂದ. “ಸಾಹೇಬ್ರು ಜ್ವರ ಬಂದು ಮನ್ಯಾಗ ಮಲಗ್ಯಾರ. ಯಾರಿಗೂ ಫೋನ್ ಮಾಡಿಲ್ಲಂತ.”

ಡಾಕ್ಟರು ಕೋಲು ಕೆಳಗಿಟ್ಟರು. “ತಿಳೀತಾ ಅಂದಾನ್ರಿ ಮಗ, ಮೂಗಿನಿಂದ. ನಾ ಎದ್ದು ನಿಂತು ಸಾರ್ ಸಾರ್ ಅಂದೀನಿ.” ಕರವಸ್ತ್ರ ಜಾರಿ ಬಿತ್ತು. ಅವರು ನಗತೊಡಗಿದರು. ಗೌಡನೂ ನಕ್ಕ, ಆಳುಗಳೂ ನಕ್ಕರು.

“ಯಾರಲೇ ಅವಾ?” ಗೌಡ ನಗುತ್ತಲೇ ಗೋಡೆಯಾಚೆ ನೋಡಿದ. ನಾವು ಯಾರೂ ಅಂಬಪ್ಪನ ಕಡೆ ತಿರುಗಲಿಲ್ಲ.

“ಆ ತಂತಿ ಇಲ್ಲಿ ಕೊಡು.” ಗೌಡ ಮಾನಪ್ಪನಿಗೆ ಕೈ ಚಾಚಿದ.

ಮಾನಪ್ಪ ಕೊಡಲಿಲ್ಲ. ಹೋಗಿ ತಂತಿಯನ್ನು ಗೋಡೆಯ ಮೇಲಿಂದ ಜೋಗಮ್ಮನ ಕೈಗೆ ಹಾಕಿದ. ಅವಳು ಪಕ್ಕದವಳಿಗೆ, ಅವಳು ಹಿಂದಿನವಳಿಗೆ. ಸೆರಗಿನಿಂದ ಸೆರಗಿಗೆ ಹೋದ ತಂತಿ ಎಲ್ಲಿದೆಯೆಂದು ನಮಗೇ ತಿಳಿಯದಾಯಿತು.

“ನೀವು ಫೋನಿನ್ಯಾಗ ನೋಡಿದ್ರಿ,” ಅಂದಳು ಜೋಗಮ್ಮ. “ನಾವು ಕಣ್ಣಿಲೆ ನೋಡೀವಿ. ಬರೀರಿ, ಏನು ಬರೀತೀರಿ.”

ಗೌಡನ ನಗು ನಿಂತಿತು. ಆಳುಗಳದೂ ನಿಂತಿತು. ಡಾಕ್ಟರು ಮಾತ್ರ ಹೊಟ್ಟೆ ಹಿಡಿದುಕೊಂಡು ಇನ್ನೂ ಜೋರಾಗಿ ನಗುತ್ತಿದ್ದರು. ನಗುತ್ತಲೇ ಜೀಪಿನ ಮೇಲೆ ಹಾಳೆ ಹರವಿ ಪೆನ್ನಿನ ಟೋಪಿ ತೆಗೆದರು. ವಿಷ ಅಂತ ಬರೆಯುತ್ತಾರೋ ತಂತಿ ಅಂತಲೋ, ಗೋಡೆಯಾಚೆಯಿಂದ ನಾವು ಆ ಪೆನ್ನನ್ನೇ ನೋಡುತ್ತಿದ್ದೆವು. ಮಾನಪ್ಪ ಚೂರಿಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ.