ಅಂಗೈಯಲ್ಲಿ ನಿಲ್ಲಬೇಕಾದದ್ದು

ನನ್ನ ಅಂಗೈಗಳು ಯಾವಾಗಲೂ ಒದ್ದೆ. ಪರೀಕ್ಷೆಯ ಹಾಳೆ ಅಂಟುತ್ತದೆ, ಬಸ್ ಟಿಕೆಟ್ ಮುದ್ದೆಯಾಗುತ್ತದೆ, ಫೋನು ನನ್ನ ಬೆರಳನ್ನು ಗುರುತಿಸುವುದೇ ಇಲ್ಲ. ಚಿಕ್ಕವಳಿದ್ದಾಗ ಇದಕ್ಕೆ ಅಜ್ಜಿ ಒಂದು ಕಥೆ ಹೇಳಿದ್ದಳು. ನಾನು ಹುಟ್ಟಿದ ದಿನ ಹೇಮಾವತಿ ಹೊಳೆ ನಮ್ಮ ಬಾಗಿಲಿಗೆ ಬಂದು, ಮಗುವಿನ ಕೈ ಹಿಡಿದು ನೋಡಿ, ಹೋಗುವಾಗ ಸ್ವಲ್ಪ ನೀರನ್ನು ಅಲ್ಲೇ ಮರೆತು ಹೋಯಿತಂತೆ. ಕಾಲೇಜು ಮುಗಿಸಿದ ಮೇಲೂ ನಾನು ಆ ಕಥೆಯನ್ನು ಪೂರ್ತಿ ಬಿಟ್ಟಿರಲಿಲ್ಲ. ಹೊಳೆ ತನ್ನ ನೀರನ್ನು ವಾಪಸ್ ಕೇಳಿದರೆ ಏನು ಹೇಳುವುದೆಂದು ಆಗಾಗ ಯೋಚಿಸುತ್ತಿದ್ದೆ.

ಆದರೆ ಕೇಳಿದ್ದು ಹೊಳೆಯಲ್ಲ, ಮಠದ ಸ್ವಾಮಿಗಳು. ಕೊಡ್ಲಿಪೇಟೆಯ ಮದುವೆಮನೆಯಲ್ಲಿ, ಎಲ್ಲರ ಎದುರು, ಅಜ್ಜಿಯನ್ನು.

"ಸುಲೋಚನಮ್ಮಾ, ನಿಮ್ಮ ಪೂಜಿತಾಗೆ ಇನ್ನೂ ದೀಕ್ಷೆ ಆಗಿಲ್ವಾ?"

ಆಗಿರಲಿಲ್ಲ. ದೀಕ್ಷೆಯಲ್ಲಿ ಗುರುಗಳು ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಡುತ್ತಾರೆ. ಮಂತ್ರ ಮುಗಿಯುವ ತನಕ ಅದನ್ನೇ ನೋಡುತ್ತ ಕೂರಬೇಕು. ಅದು ಜಾರಿ ನೆಲಕ್ಕೆ ಬಿದ್ದರೆ? ಪ್ರಾಣವನ್ನೇ ಬಿಡಬೇಕೆಂಬ ಹಳೆಯ ಮಾತೊಂದಿದೆ, ಅದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಕೈ ನೋಡಿಯೇ ಅಜ್ಜಿ "ಮುಂದಿನ ವರ್ಷ ನೋಡನ" ಎಂದು ತಳ್ಳುತ್ತ ಬಂದಿದ್ದಳು. ಈಗ ತಳ್ಳಲು ಜಾಗವಿರಲಿಲ್ಲ. ಎರಡು ವಾರ ಬಿಟ್ಟು ಸೋಮವಾರ ಎಂದು ನಿಗದಿಯಾಯಿತು.

ಚಿದಾನಂದ ಚಿಕ್ಕಪ್ಪ ನನ್ನನ್ನೂ ಅಜ್ಜಿಯನ್ನೂ ಮಡಿಕೇರಿಗೆ, ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರಮ್ಮ ನನ್ನ ಕೈಯನ್ನು ಮುಟ್ಟಿದರು, ಒರೆಸಿದರು, ಕಾದರು. ಅಂಗೈಯ ಗೆರೆಗಳಲ್ಲಿ ಮತ್ತೆ ನೀರಾಡಿತು.

"ಇದಕ್ಕೆ ಹೈಪರ್‌ಹೈಡ್ರೋಸಿಸ್ ಅಂತೀವಿ, ಕೈ ಅತಿಯಾಗಿ ಬೆವರೋದು. ತುಂಬ ಜನಕ್ಕಿರುತ್ತೆ, ಯಾರೂ ಹೇಳ್ಕೊಳಲ್ಲ ಅಷ್ಟೆ."

"ಆಪರೇಷನ್ ಮಾಡಿ ಒಂದೇ ಸಲ ಮುಗಿಸಿಬಿಡಬೋದಂತಲ್ಲ ಮೇಡಂ?" ಎಂದರು ಚಿಕ್ಕಪ್ಪ.

"ಎದೆಯೊಳಗಿನ ನರ ಕತ್ತರಿಸೋದು ಅದು. ಕೈ ಒಣಗುತ್ತೆ, ಆದ್ರೆ ಬೆವರು ಬೆನ್ನಿಗೋ ಹೊಟ್ಟೆಗೋ ಹೋಗಿ ಕೂತ್ಕೋಬೋದು. ಆಮೇಲೆ ಮೊದಲಿನ ಹಾಗೆ ಮಾಡೋಕಾಗಲ್ಲ. ಅದು ಕೊನೇ ಮಾತು. ಮೊದ್ಲು ಲೋಶನ್. ಅದಕ್ಕೆ ಬಗ್ಗದಿದ್ರೆ ಒಂದು ಮಿಷನ್ ಇದೆ. ತಟ್ಟೆ ನೀರಲ್ಲಿ ಕೈ ಇಟ್ರೆ ಸಣ್ಣಗೆ ಕರೆಂಟು ಹಾಯಿಸ್ತೀವಿ, ವಾರಕ್ಕೆ ಕೆಲವು ಸಲ. ಮಾತ್ರೆ ಇದೆ, ಬಾಯಿ ಒಣಗುತ್ತೆ. ಇಂಜೆಕ್ಷನ್ನೂ ಇದೆ, ಕೆಲವು ತಿಂಗಳು ತಡೀತದೆ, ಅಂಗೈಗೆ ಚುಚ್ಚೋವಾಗ ಮಾತ್ರ ಚೆನ್ನಾಗಿ ನೋವಾಗುತ್ತೆ."

"ಸೋಮವಾರದೊಳಗೆ?" ಎಂದೆ.

"ಯಾವ ಸೋಮವಾರ?" ಎಂದು ಅವರು ನಕ್ಕರು. ನಾನು ಲೋಶನ್ನಿನ ಚೀಟಿ ತೆಗೆದುಕೊಂಡು ಎದ್ದೆ.

ವಾಪಸ್ ಬರುವಾಗ ಅಜ್ಜಿ ಜೀಪಿನ ಕಿಟಕಿಯ ಕಡೆ ತಿರುಗಿ ಕೂತಿದ್ದಳು. "ಹೊಳೆ ಕಥೆ ನಾನೇ ಕಟ್ಟಿದ್ದು ಕಣೆ. ಸ್ಕೂಲಲ್ಲಿ ಯಾರೂ ಕೈ ಹಿಡ್ಕಳಲ್ಲ ಅಂತ ನೀನು ಅತ್ಕೊಂಡ್ ಬಂದಿದ್ದೆ. ಇನ್ನೇನ್ ಹೇಳ್ಲಿ?"

ನನಗೆ ಗೊತ್ತಿತ್ತು. ಆದರೂ ಒಳಗೆ ಏನೋ ಬತ್ತಿದಂತಾಯಿತು.

ಮಲಗುವ ಮುಂಚೆ ಲೋಶನ್ ಹಚ್ಚಬೇಕಿತ್ತು. ನಮ್ಮ ಮನೆಯಲ್ಲಿ ತೊಳೆಯದ ಕೈಯಲ್ಲಿ ಏನನ್ನೂ ಮುಟ್ಟುವುದಿಲ್ಲ, ಮದ್ದನ್ನಂತೂ ಇಲ್ಲವೇ ಇಲ್ಲ. ಅಜ್ಜಿ ಚೊಂಬಿನಿಂದ ನೀರು ಹಾಕುತ್ತಿದ್ದಳು, ನಾನು ತೊಳೆದು ಕೂಡಲೇ ಹಚ್ಚುತ್ತಿದ್ದೆ. ಮದ್ದು ಹಿಡಿಯುತ್ತಿದೆ ಎಂದುಕೊಂಡು ಉರಿಯನ್ನು ಸಹಿಸಿಕೊಂಡೆ. ಒಂದು ವಾರಕ್ಕೆ ಎರಡೂ ಅಂಗೈ ಕೆಂಪಗಾಗಿ ಚರ್ಮ ಸುಲಿಯತೊಡಗಿತು. ಗಾಬರಿಯಾಗಿ ಕ್ಲಿನಿಕ್ಕಿಗೆ ಫೋನ್ ಮಾಡಿದೆ.

"ಒದ್ದೆ ಕೈಗೆ ಹಚ್ಚಿದ್ರಾ?" ನರ್ಸಿನ ದನಿ ಏರಿತು. "ಪೂರ್ತಿ ಒಣಗಿಸ್ಕೊಂಡು ಹಚ್ಚಬೇಕು ಅಂತ ಬರೆದಿದೆಯಲ್ಲಮ್ಮ! ಈಗ ನಿಲ್ಲಿಸಿ. ಕೈ ವಾಸಿಯಾಗ್ಲಿ, ಆಮೇಲೆ ಬನ್ನಿ."

ನಿಲ್ಲಿಸಿದೆ. ಇನ್ನು ಸೋಮವಾರದೊಳಗೆ ಯಾವ ಮದ್ದೂ ಇರಲಿಲ್ಲ. ಹಿತ್ತಿಲಿನಿಂದ ಒಂದು ನುಣುಪುಗಲ್ಲು ತಂದು ದೇವರಮನೆಯಲ್ಲಿ ಕೂತು ಅಂಗೈ ಮೇಲಿಟ್ಟುಕೊಂಡೆ. ಉಸಿರು ಬಿಗಿಹಿಡಿದಷ್ಟೂ ಬೆವರು ಹೆಚ್ಚಾಯಿತು. ಕಲ್ಲು ಜಾರಿತು. ನೆಲಕ್ಕೆ ಬಿದ್ದ ಸದ್ದಿಗೆ ಅಡುಗೆಮನೆಯಲ್ಲಿ ಅಜ್ಜಿಯ ಒಗ್ಗರಣೆ ಸೌಟು ನಿಂತಿತು. ಮತ್ತೆ ಇಟ್ಟೆ. ಮತ್ತೆ ಬಿತ್ತು.

ಸೋಮವಾರ ಮಠದ ಹಜಾರದಲ್ಲಿ ಚಾಪೆಗಳ ಮೇಲೆ ಸಾಲಾಗಿ ಕೂತಿದ್ದೆವು. ನನ್ನ ಪಕ್ಕದಲ್ಲಿದ್ದವರೆಲ್ಲ ಪುಟ್ಟ ಮಕ್ಕಳು. ಸ್ವಾಮಿಗಳು ಹಣೆಗೆ ವಿಭೂತಿ ಇಟ್ಟು, ಅಂಗೈಗೂ ಹಚ್ಚಿದರು. ಅದು ನೋಡನೋಡುತ್ತಿದ್ದಂತೆ ಕೆಸರಾಯಿತು. ಅವರು ಲಿಂಗವನ್ನು ಇಟ್ಟು ಮಂತ್ರ ಶುರುಮಾಡಿದರು. ಮಣಿಕಟ್ಟಿನಿಂದ ಬಿಳಿ ಗೆರೆಯೊಂದು ಮೊಣಕೈಗಿಳಿಯಿತು. ಲಿಂಗ ಒಂದು ಎಳ್ಳುಕಾಳಿನಷ್ಟು ಸರಿಯಿತು. ಇನ್ನೊಂದಿಷ್ಟು ಸರಿಯಿತು. ಕಿವಿಯೊಳಗೆ ಆ ಕಲ್ಲು ಬಿದ್ದ ಸದ್ದು.

"ಬುದ್ಧೀ," ಎಂದೆ. ದನಿ ನನಗಿಂತ ದೊಡ್ಡದಾಗಿತ್ತು. "ನನ್ ಕೈ ಬೆವರ್ತದೆ. ಕಾಯಿಲೆ ಅದು. ಜಾರ್ತಾ ಇದೆ."

ಮಂತ್ರ ನಿಂತಿತು. ಹಿಂದೆ ಯಾರೋ "ಶಿವಶಿವಾ" ಎಂದರು. ಸ್ವಾಮಿಗಳು ಲಿಂಗವನ್ನೆತ್ತಿ ತಮ್ಮ ಅಂಗೈ ಮೇಲೆ ಇಟ್ಟುಕೊಂಡರು.

"ಒರೆಸ್ಕೋ ಮಗಳೇ."

ಸೆರಗಿನಿಂದ ಒರೆಸಿದೆ. ಒರೆಸುತ್ತಿದ್ದಂತೆ ಮತ್ತೆ ಒದ್ದೆ. ಹಜಾರ ಪೂರ್ತಿ ನನ್ನ ಕೈಯನ್ನೇ ನೋಡುತ್ತಿತ್ತು.

"ಇಡ್ಲಾ?"

"ತಡೀರಿ ಬುದ್ಧಿ, ಇನ್ನೊಂದ್ಸಲ."

"ಆಗ್ಲಿ. ನಂಗೇನ್ ಬಸ್ಸಿಗೆ ಹೋಗ್ಬೇಕಾ?"

ಮಕ್ಕಳು ಕಿಸಕ್ಕನೆ ನಕ್ಕವು. ನನಗೂ ನಗು ಬಂತು. ಈ ಸಲ ಅವರು ಲಿಂಗವನ್ನಿಟ್ಟು, ನನ್ನ ಕೈಯ ಕೆಳಗೆ ತಮ್ಮ ಕೈ ಕೊಟ್ಟು ಮಂತ್ರ ಹೇಳಿದರು. ನನ್ನ ಬೆವರು ಅವರ ಬೆರಳಿಗೆ ಇಳಿಯುತ್ತಿತ್ತು. ಲಿಂಗ ನಿಂತಿತು.

ಹೊರಗೆ ಚಪ್ಪಲಿ ಮೆಟ್ಟುವಾಗ ಚಿಕ್ಕಪ್ಪ ಮೆಲ್ಲಗೆ ಕೇಳಿದರು, "ನೋಡು, ಎಲ್ಲರಿಗೂ ಗೊತ್ತಾಯ್ತು. ಆಪರೇಷನ್‌ಗೇ ಕೇಳ್ಬಿಡ್ಲಾ?"

"ಸುಲಿದ ಕೈ ಮೊದ್ಲು ವಾಸಿಯಾಗ್ಲಿ ಚಿಕ್ಕಪ್ಪ," ಎಂದೆ. "ನೀರಿನ ಮಿಷನ್ನಿಗೆ ಯಾವತ್ತು ಬರ್ಬೇಕು ಅಂತ ನಾನೇ ಫೋನ್ ಮಾಡ್ತೀನಿ."