ಬಾಗಿಲ ಸಂದಿನ ಅಳತೆ

"ಹಗ್ಗ ಬಿಚ್ಚೋ," ಎಂದಳು ಟೈಲರಮ್ಮ.

ತಮ್ಮ ಆಗಲೇ ಹಳೆಯ ಕಾರಿನ ಮೂತಿಗೆ ಹಗ್ಗ ಬಿಗಿದಿದ್ದ. ಅದರ ಇನ್ನೊಂದು ತುದಿ ಬೀದಿಯಲ್ಲಿ ಕಾಯುತ್ತಿದ್ದ ಶವದ ವ್ಯಾನಿಗೆ. ಹಜಾರದಲ್ಲಿ ಅವಳ ಗಂಡ ಬಿಳಿ ಹೊದಿಕೆಯಡಿ ಮಲಗಿದ್ದ. ಹಜಾರದಿಂದ ಬೀದಿಗೆ ಇದ್ದದ್ದು ಒಂದೇ ದಾರಿ, ಕಾರಿನ ಶೆಡ್ಡು. ಗೋಡೆಗೂ ಕಾರಿಗೂ ಮೈ ಸವರಿಕೊಂಡು ಅಡ್ಡಡ್ಡ ನಡೆಯುವುದು ಮನೆಯವರಿಗೆ ವರ್ಷಗಳಿಂದ ರೂಢಿಯಾಗಿತ್ತು. ಸತ್ತವನಿಗೆ ಆ ಸೌಲಭ್ಯವಿರಲಿಲ್ಲ.

"ಅಕ್ಕಾ, ಜನ ಕಾಯ್ತಿದಾರೆ. ಭಾವನ್ನ ಹೊರಗೆ ತರೋದು ಬೇಡ್ವಾ?"

"ತರೋಣ. ಆದ್ರೆ ಕಾರು ತನ್ನ ಚಕ್ರದ ಮೇಲೆ ಹೋಗ್ಬೇಕು. ದರದರ ಎಳೆಯೋದಲ್ಲ."

ಕಾರು ಸ್ಟ್ಯಾಂಡುಗಳ ಮೇಲಿತ್ತು. ಚಕ್ರಗಳು ನೆಲಕ್ಕೆ ತಾಗಿರಲಿಲ್ಲ. ಅಡಿಯಲ್ಲಿ ಹೊಸ ಕ್ರಾಸ್ ಮೆಂಬರ್ ಕೂತಿತ್ತು. ಕಾರಿನ ತಳದ ಚೌಕಟ್ಟಾದ ಚಾಸಿಯ ಎರಡು ಉದ್ದ ತೊಲೆಗಳನ್ನು ಹಿಡಿದಿಡುವ ಆ ಅಡ್ಡತೊಲೆಯ ಬೋಲ್ಟುಗಳನ್ನು ಗಂಡ ಬಿಗಿಯದೆ ಬೆರಳಲ್ಲಿ ತಿರುಗಿಸಿಟ್ಟು ಹೋಗಿದ್ದ, ಅಷ್ಟೇ.

"ಇದಿನ್ನೂ ಕಚ್ಚಾ ಹೊಲಿಗೆ. ಈಗ ಎಳೆದ್ರೆ ಚಾಸಿ ತಿರುಚಿಕೊಳ್ಳುತ್ತೆ. ಅವರು ಮಾಡಿದ್ದೆಲ್ಲ ಗುಜರಿಗೆ."

ಬೀದಿಯಲ್ಲಿ ಅವಳ ಗಂಡನಿಗೆ 'ನಾಳೆ' ಎಂದೇ ಹೆಸರು. ಕಾರು ಯಾವಾಗ ಓಡುತ್ತೆ ಎಂದು ಯಾರು ಕೇಳಿದರೂ ಅದೇ ಉತ್ತರ. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಕಣ್ಣೊರೆಸಿಕೊಂಡು, "ನಾಳೆ ಹೊರಟೇಬಿಟ್ಟ. ಕಾರು ಇಲ್ಲೇ ಉಳೀತಲ್ಲಮ್ಮ," ಎಂದ.

"ಉಳಿಯಲ್ಲ. ನೀವು ಶರ್ಟು ಬಿಚ್ಚಿ."

"ನನ್ನ ಶರ್ಟಾ?"

"ನಾನೇ ಹೊಲಿದದ್ದು. ಗ್ರೀಸು ಹತ್ತಿದ್ರೆ ಹೋಗಲ್ಲ."

*

ಹಿಂದೆ ಒಂದೇ ಒಂದು ಸಲ ಗಂಡನೂ ಆತುರಪಟ್ಟಿದ್ದ. ತುಕ್ಕು ತಿಂದ ಬೇರೊಂದು ಅಡ್ಡತೊಲೆ ತೆಗೆದು ಹೊಸದನ್ನು ಕೂರಿಸಿ, ಕಾರು ಇನ್ನೂ ಗಾಳಿಯಲ್ಲಿರುವಾಗಲೇ ಬೋಲ್ಟುಗಳನ್ನೆಲ್ಲ ಬಿಗಿದುಬಿಟ್ಟ. ನೆಲಕ್ಕಿಳಿಸಿದರೆ ಕಾರಿನ ಬಾಗಿಲು ಮುಚ್ಚಲಿಲ್ಲ. ಭುಜ ಕೊಟ್ಟು ನೂಕಿದ. ಸಭ್ಯವಲ್ಲದ ಒಂದೆರಡು ಮಾತೂ ಆಡಿದ.

ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದ ಹೆಂಡತಿ, "ಅಲ್ರೀ, ಹ್ಯಾಂಗರ್‌ನಲ್ಲಿ ನೇತಾಡ್ತಿರೋ ಅಂಗಿಗೆ ಅಳತೆ ಸರಿ ಮಾಡ್ತಾರಾ? ಮೈಮೇಲೆ ಹಾಕಿ ನೋಡ್ಬೇಕು," ಎಂದು, ಬಟ್ಟೆಗೆ ಗೆರೆ ಎಳೆಯುವ ಚಪ್ಪಟೆ ಚಾಕನ್ನು ಬಾಗಿಲ ಸಂದಿನಲ್ಲಿ ತೂರಿಸಿ ಎಳೆದಳು. ಮೇಲೆ ಸರಾಗ ಜಾರಿತು. ಕೆಳಗೆ ಸಿಕ್ಕಿಕೊಂಡು ಬಿಳಿ ಗುರುತು ಬಿಟ್ಟಿತು.

ಅವನು ಬಹಳ ಹೊತ್ತು ಆ ಗುರುತನ್ನೇ ನೋಡಿದ. "ನಂಗೂ ಒಂದು ಚಾಕ್ ಕೊಡೇ."

"ನಾಳೆ," ಎಂದಳು.

ಕೊಡಲೇ ಇಲ್ಲ. ಸಂದಿನ ಅಳತೆ ಬೇಕಾದಾಗಲೆಲ್ಲ ಅವಳನ್ನೇ ಕರೆಯಬೇಕಾಯಿತು. ಅಂಗಡಿ ಬೀದಿಯ ತುದಿಯಲ್ಲೇ ಇದ್ದರೂ ಅವನೂ ಒಂದು ಕೊಂಡು ತರಲಿಲ್ಲ.

*

ಜಾಕ್ ಇಳಿಯಿತು. ಚಕ್ರಗಳು ಮರದ ದಿಮ್ಮಿಗಳ ಮೇಲೆ ಕೂತವು. ಕಾರು ಒಮ್ಮೆ ನರಳಿ, ತನ್ನ ಭಾರ ತಾನು ಹೊತ್ತುಕೊಂಡಿತು. ತಮ್ಮ ಅಡಿಗೆ ತೆವಳಿದ. ಬನಿಯನ್ನಿನಲ್ಲಿದ್ದ ಪೋಸ್ಟ್‌ಮ್ಯಾನ್ ಟಾರ್ಚ್ ಹಿಡಿದ.

"ಒಂದೇ ಕಡೆ ಬಿಗೀಬೇಡ್ವೋ! ಎಡಕ್ಕೊಂದು, ಬಲಕ್ಕೊಂದು. ಸ್ವಲ್ಪ ಸ್ವಲ್ಪ."

"ಭಾವ ಬದುಕಿದ್ದಾಗ್ಲೂ ನಾನು ಇಷ್ಟು ಬೈಸ್ಕೊಂಡಿರ್ಲಿಲ್ಲ ಕಣಕ್ಕ."

"ಅವರು ನಿಂಗೆ ಕಾರು ಮುಟ್ಟೋಕೇ ಬಿಡ್ತಿರ್ಲಿಲ್ಲ."

ವ್ಯಾನ್ ಡ್ರೈವರ್ ಬಾಗಿಲಲ್ಲಿ ಇಣುಕಿದ. "ಅಮ್ಮಾ, ನಂಗೆ ಇನ್ನೊಂದು ಮನೆಗೆ ಹೋಗೋದಿದೆ."

"ಅಲ್ಲಿರೋರಿಗೆ ಅವಸರ ಇದೆಯಂತಾ?"

ಡ್ರೈವರ್ ವ್ಯಾನಿನತ್ತ ಹಿಂತಿರುಗಿದ.

ಕೊನೆಯ ಬೋಲ್ಟೂ ಬಿಗಿಯಾದ ಮೇಲೆ ಅವಳು ಚಾಕ್ ತೆಗೆದಳು. ಅದು ಕಾರಿನ ಬಾಗಿಲ ಸುತ್ತ ಎಲ್ಲೂ ತಡೆಯದೆ ಓಡಿತು. ಬಾಗಿಲು ತೆರೆದು, ಒಂದೇ ಬೆರಳಲ್ಲಿ ನೂಕಿದಳು. ಟಕ್.

"ಈಗ ದಿಮ್ಮಿ ತೆಗೆದು ತಳ್ಳಿ," ಎಂದಳು.

ಕಾರು ಉರುಳಿಕೊಂಡು ಬೀದಿಗೆ ಹೋಗಿ ನಿಂತಿತು. ಅದರ ಹಿಂದೆ ಅವನನ್ನು ಹೊತ್ತು ತಂದರು. ಎಷ್ಟೋ ವರ್ಷಗಳ ನಂತರ ಆ ದಾರಿಯಲ್ಲಿ ಅಡ್ಡ ತಿರುಗದೆ ಹೊರಗೆ ಬಂದ ಮೊದಲಿಗ ಅವನೇ.

ಅವನನ್ನು ಒಳಗೆ ಮಲಗಿಸಿದ ಮೇಲೆ ಡ್ರೈವರ್ ವ್ಯಾನಿನ ಹಿಂಬಾಗಿಲು ಬಡಿದ. ಅದು ಮುಚ್ಚಿಕೊಳ್ಳಲಿಲ್ಲ. ಮತ್ತೆ ಬಡಿದ. "ಜೋರಾಗಿ ಹೊಡೀಬೇಕಮ್ಮ, ಇದರ ಬುದ್ಧಿಯೇ ಹಾಗೆ," ಎಂದು ಮೂರನೇ ಸಲ ಕೈ ಎತ್ತಿದ.

"ಹೊಡೀಬೇಡಪ್ಪ."

ಅವಳು ಚಾಕನ್ನು ಸಂದಿನಲ್ಲಿ ತೂರಿಸಿ ಕೆಳಕ್ಕೆಳೆದಳು. ಮೇಲೆ ಜಾರಿತು. ಕೆಳಗಿನ ಕೀಲಿನ ಹತ್ತಿರ ಸಿಕ್ಕಿಕೊಂಡಿತು. ಗಾಜಿನಾಚೆ ಬಿಳಿ ಹೊದಿಕೆ ಕಾಣುತ್ತಿತ್ತು. ಅವಳು ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿದಳು. ತಮ್ಮ ಆ ಕೈಗೆ ಸ್ಪ್ಯಾನರ್ ಇಟ್ಟ. ಪೋಸ್ಟ್‌ಮ್ಯಾನ್ ಹಾಡಹಗಲಲ್ಲೇ ಟಾರ್ಚ್ ಹಾಕಿದ.