ಪೂಜೆಗೆ ಕೂತ ಸಾಮಾನು

ನಂಜನಗೂಡಿನ ಕಾರ್ಖಾನೆಯಿಂದ ಕಾಂತರಾಜು ರಿಟೈರ್ ಆದ ಮಾರನೆಯ ದಿನವೇ ಹೆಂಡತಿ ವಿಶಾಲಮ್ಮನಿಗೆ ಒಂದು ವಿಷಯ ಖಾತ್ರಿಯಾಯಿತು. ಕಂಪನಿಯವರು ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದ್ದು ಗಂಡನನ್ನಲ್ಲ, ಒಬ್ಬ ಸೂಪರ್‌ವೈಸರನ್ನು. ಅಲ್ಲಿ ಮೂವತ್ತು ವರ್ಷ ಆಪರೇಟರಾಗಿದ್ದೂ ಸಿಗದ ಪ್ರಮೋಷನ್ನು ಯಜಮಾನರಿಗೆ ತಾಂಡವಪುರದ ಸ್ವಂತ ಕೊಟ್ಟಿಗೆಯಲ್ಲಿ ಒಂದೇ ರಾತ್ರಿಗೆ ಸಿಕ್ಕಿಬಿಟ್ಟಿತ್ತು. ಬೆಳಗ್ಗೆ ಐದಕ್ಕೆ ಅವಳು ಹಾಲು ಕರೆಯಲು ಕೂತರೆ ಇವರು ಕೈ ಹಿಂದಕ್ಕೆ ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುವರು. ಬಕೆಟ್ಟು ಇಲ್ಲಿಟ್ಟರೆ ಅಲ್ಲಿಡಬೇಕಿತ್ತು, ಅಲ್ಲಿಟ್ಟರೆ ಇಲ್ಲಿಡಬೇಕಿತ್ತು. ಸೇಫ್ಟಿ ಇಲ್ಲ, ಸಿಸ್ಟಮ್ ಇಲ್ಲ ಅಂತ ಹಸುಗಳಿಗೂ ಕೇಳುವಂತೆ ಗೊಣಗುವರು. ಒಂದು ದಿನ ಗೌರಿ ಅನ್ನುವ ಹಸು ಒದ್ದೆ ಬಾಲ ಬೀಸಿ ಅವರ ಮುಖಕ್ಕೆ ಸರಿಯಾಗಿ ಕೊಟ್ಟಿತು. ವಿಶಾಲಮ್ಮ ಅವತ್ತು ಅದಕ್ಕೆ ಒಂದು ಹಿಡಿ ಹಿಂಡಿ ಜಾಸ್ತಿ ಹಾಕಿದಳು.

ಇನ್ನು ಆ ಕಾರ್ಖಾನೆಯ ಮೇಲಿನ ಪ್ರೀತಿಯಂತೂ ಕೇಳಲೇಬೇಡಿ. ಕೆಲಸದಲ್ಲಿದ್ದಷ್ಟು ಕಾಲ ಶಿಫ್ಟು ಮುಗಿಸಿ ಬಂದವರೇ ಚಪ್ಪಲಿ ಮೂಲೆಗೆಸೆದು, ಈ ಹಾಳಾದ ಕಂಪನಿಗೆ ಬೀಗ ಬೀಳ ಅಂತ ಶಾಪ ಹಾಕದ ದಿನವಿರಲಿಲ್ಲ. ಈಗ ಅದೇ ಹಾಳಾದ ಕಂಪನಿ ‘ನಮ್ಮ ಕಂಪನಿ’ ಆಗಿತ್ತು. ಟೀ ಅಂಗಡಿಯಲ್ಲಿ ಕೂತು, ತಾವಿಲ್ಲದೆ ಆ ಮೆಷೀನು ಹೇಗೆ ಓಡುತ್ತಿದೆಯೋ ಏನೋ ಅಂತ ಮರುಗುತ್ತಿದ್ದರು. ಮೆಷೀನು ಚೆನ್ನಾಗಿಯೇ ಓಡುತ್ತಿತ್ತು. ಅದರ ಮೇಲೆ ಈಗ ಯಾರೋ ಕಾಂಟ್ರಾಕ್ಟಿನ ಹುಡುಗ ನಿಂತಿದ್ದಾನಂತೆ ಎಂದು, ಪಕ್ಕದ ಕಂಪನಿಗೆ ಹೋಗುವ ಮಗ ರವಿ ಹೇಳಿದ ದಿನ ಯಜಮಾನರು ಊಟ ಅರ್ಧಕ್ಕೆ ಬಿಟ್ಟೆದ್ದರು.

ಕೆಲಸದಲ್ಲಿದ್ದ ಕಾಲದಲ್ಲಿ ಅವರ ಬಾಯಲ್ಲಿದ್ದದ್ದು ಒಂದೇ ಮಾತು, ತಾವು ಡ್ಯೂಟಿಯಲ್ಲಿದ್ದೇವೆ ಅನ್ನುವುದು. ಚಿಕ್ಕವನಿದ್ದಾಗ ರವಿಗೆ ಜ್ವರ ನೆತ್ತಿಗೇರಿತೆಂದು ಫೋನು ಮಾಡಿದರೆ, ‘ಡ್ಯೂಟೀಲಿವ್ನಿ’ ಎಂದು ಕಟ್ ಮಾಡಿದರು. ವಿಶಾಲಮ್ಮನ ಅವ್ವ ತೀರಿಕೊಂಡ ದಿನವೂ ‘ಡ್ಯೂಟೀಲಿವ್ನಿ’, ಅದೂ ಕಟ್. ಅವಳು ಕಣ್ಣೊರೆಸಿಕೊಂಡು ಒಬ್ಬಳೇ ತವರೂರು ಕವಲಂದೆಯ ಬಸ್ಸು ಹತ್ತಿದ್ದಳು. ಅದನ್ನವಳು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ಅವಳಿಗೆ ಮಾತ್ರ ಡ್ಯೂಟಿ ಅನ್ನುವುದು ಇರಲಿಲ್ಲ. ಯಾರಾದರೂ ವಿಚಾರಿಸಿದರೆ, ಅವಳು ಸುಮ್ಮನೆ ಮನೆಯಲ್ಲಿರುತ್ತಾಳೆ ಅನ್ನುವುದು ಯಜಮಾನರ ಉತ್ತರ. ಹಾಗೆ ಸುಮ್ಮನೆ ಮನೆಯಲ್ಲಿದ್ದುಕೊಂಡೇ ಅವಳು ಎರಡು ಹಸು ಕರೆದು, ಮೇವು ಕೊಯ್ದು, ಸಗಣಿ ಬಾಚಿ, ಮಕ್ಕಳನ್ನು ಓದಿಸಿ, ಮಗಳು ಶೃತಿಯನ್ನು ತಿ. ನರಸೀಪುರಕ್ಕೆ ಮದುವೆ ಮಾಡಿಕೊಟ್ಟಿದ್ದಳು. ಹಾಗಂತ ಆ ಕೆಲಸ ಕಂಡರೆ ಅವಳಿಗೆ ಭಾರೀ ಪ್ರೀತಿ ಅಂತೇನೂ ಅಲ್ಲ. ಸೊಂಟ ಹಿಡಿದುಕೊಂಡ ದಿನ ಹಸುಗಳನ್ನೂ ಅವುಗಳ ಮುತ್ತಜ್ಜಿಯರನ್ನೂ ಸೇರಿಸಿ ಬೈದದ್ದುಂಟು. ಆದರೆ ಬೆಳಗಿನ ಆ ಹೊತ್ತಿನಲ್ಲಿ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಕೂತಾಗ ಪ್ರಪಂಚದಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಡೈರಿಯಲ್ಲಿ ಕ್ಯಾನು ಇಳಿಸಿದರೆ ಸೆಕ್ರೆಟರಿ ‘ಬನ್ನಿ ವಿಶಾಲಮ್ಮೋರೆ’ ಅನ್ನುತ್ತಿದ್ದ. ಊರಲ್ಲಿ ಅವಳಿಗೆ ಆ ಹೆಸರಿದ್ದ ಜಾಗ ಅದೊಂದೇ. ಉಳಿದ ಕಡೆಯೆಲ್ಲ ಅವಳು ಕಾಂತರಾಜಣ್ಣನ ಮನೆಯವಳು.

ದಸರಾ ಹತ್ತಿರ ಬಂದಾಗ ಯಜಮಾನರು ಮುದ್ದೆ ಮುರಿಯುತ್ತಾ ಹಸು ಮಾರುವ ತೀರ್ಮಾನವನ್ನು ಪ್ರಕಟಿಸಿದರು. ಹುಲ್ಲಹಳ್ಳಿಯ ದನದ ವ್ಯಾಪಾರಿ ಚಿಕ್ಕಸ್ವಾಮಿಗೆ ಮಾತು ಕೊಟ್ಟೂ ಆಗಿತ್ತು. ಆಯುಧಪೂಜೆಯ ದಿನ ಸಂಜೆ ಅವನು ಗಾಡಿ ತರುತ್ತಾನೆ. ತಾವಂತೂ ರಿಟೈರ್ ಆಗಿದ್ದಾಯಿತು, ಇನ್ನು ಇವಳಿಗೂ ರೆಸ್ಟು ಬೇಡವೇ, ಮನೆ ಮುಂದೆ ಸಗಣಿ ವಾಸನೆ ಎಷ್ಟು ದಿನ ಅಂತ ಅವರೇ ಕೇಳಿ ಅವರೇ ತಲೆಯಾಡಿಸಿದರು. ವಿಶಾಲಮ್ಮ ಬೇಡ ಅಂದಳು. ಮರುದಿನವೂ ಅಂದಳು. ಯಜಮಾನರಿಗೆ ಕೇಳಿಸಲಿಲ್ಲ. ಮೆಷೀನಿನ ಪಕ್ಕ ನಿಂತೂ ನಿಂತೂ ಅವರ ಕಿವಿ ಮಂದವಾಗಿತ್ತಂತೆ, ಟೀವಿಯ ಕ್ರಿಕೆಟ್ಟು ಮಾತ್ರ ಕೇಳಿಸುತ್ತಿತ್ತು. ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚು. ಹಸು ಹೋದ ಮೇಲೆ ಬೆಳಗ್ಗೆ ಎದ್ದು ತಾನು ಎಲ್ಲಿಗೆ ಹೋಗುವುದು? ಇವರ ಎದುರು ಕೂತು ಇವರ ಮೆಷೀನಿನ ಕತೆ ಕೇಳುವುದೇ?

ಆಯುಧಪೂಜೆ ಅಂದರೆ ಯಜಮಾನರಿಗೆ ಎಲ್ಲಿಲ್ಲದ ಶ್ರದ್ಧೆ. ಕಂಪನಿಯಲ್ಲಿ ಆ ದಿನ ಮೆಷೀನು ನಿಲ್ಲಿಸಿ, ಕುಂಕುಮ ಇಟ್ಟು, ಗೇಟಿನಲ್ಲಿ ಬೂದುಗುಂಬಳ ಒಡೆಯುತ್ತಿದ್ದರು. ಮನೆಯಲ್ಲೂ ಅದೇ ಕಾನೂನು. ಪೂಜೆಗೆ ಕೂತ ಸಾಮಾನನ್ನು ವಿಜಯದಶಮಿ ಬೆಳಗಾಗುವ ತನಕ ಯಾರೂ ಕದಲಿಸುವಂತಿಲ್ಲ. ಚಕ್ರ ಇರುವುದಕ್ಕೆ ಮಾತ್ರ ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ಸುತ್ತು ಹೋಗಿಬರುವ ರಿಯಾಯಿತಿ. ಕಾನೂನು ಮೀರಿ ಸ್ಪ್ಯಾನರು ಎತ್ತಿದ ಫಿಟ್ಟರ್ ಒಬ್ಬನ ಬೆರಳು ಹೋದ ಕತೆಯನ್ನು ಪ್ರತಿವರ್ಷ ಹೇಳುತ್ತಿದ್ದರು. ವರ್ಷಕ್ಕೊಂದು ಬೆರಳು ಜಾಸ್ತಿಯಾಗುತ್ತಿತ್ತು.

ಹಬ್ಬದ ಬೆಳಗ್ಗೆ ಶೃತಿಯ ಫೋನು ಬಂತು. ತಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದೆ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಳು. ಹೊಲಿಗೆ ಮೆಷೀನಿಗೂ ಕತ್ತರಿಗೂ ಪೂಜೆ ಆಯಿತು ಅಂದವಳು ಮಾತಿಗೆ ಕೇಳಿದಳು, ‘ಅವ್ವ, ನಿಂದೇನ್ ಇಟ್ಟಿದ್ದೀಯ ಪೂಜೆಗೆ?’

ಇಷ್ಟು ವರ್ಷ ಎಲ್ಲರ ಸಾಮಾನನ್ನೂ ಹುಣಿಸೆಹಣ್ಣು ಹಚ್ಚಿ ಉಜ್ಜಿ ಸಾಲಾಗಿಟ್ಟವಳು ವಿಶಾಲಮ್ಮನೇ. ತನ್ನದು ಅಂತ ಅಲ್ಲಿ ಏನನ್ನೂ ಇಟ್ಟಿರಲಿಲ್ಲ, ಇಡು ಅಂತ ಯಾರೂ ಹೇಳಿರಲೂ ಇಲ್ಲ. ಫೋನು ಇಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಅಂಗಳದಲ್ಲಿ ಆಗಲೇ ರವಿಯ ಬೈಕು, ಸ್ಪ್ಯಾನರ್ ಸೆಟ್ಟು, ಮಚ್ಚು ಎಲ್ಲ ಕೂತಿದ್ದವು. ನಡುವೆ ಮಣೆಯ ಮೇಲೆ ಯಜಮಾನರ ಊಟದ ಕ್ಯಾರಿಯರ್ರು, ಅದಕ್ಕೆ ಎಲ್ಲಕ್ಕಿಂತ ದೊಡ್ಡ ಹೂವು. ಐಡಿ ಕಾರ್ಡನ್ನೂ ಹೆಲ್ಮೆಟ್ಟನ್ನೂ ಕೊನೆಯ ದಿನ ಗೇಟಿನಲ್ಲೇ ವಾಪಸು ಇಸಿದುಕೊಂಡಿದ್ದರು, ಡ್ಯೂಟಿಯ ಗುರುತು ಅಂತ ಉಳಿದದ್ದು ಆ ಕ್ಯಾರಿಯರ್ರೊಂದೇ. ವಿಶಾಲಮ್ಮ ಹಾಲಿನ ಕ್ಯಾನು ತಂದಿಟ್ಟಳು. ಕುಡುಗೋಲು, ಸಗಣಿ ಮಂಕರಿ, ಈಳಿಗೆ ಮಣೆ, ಮಿಕ್ಸಿ, ಮುದ್ದೆ ಕೋಲು ಒಂದೊಂದಾಗಿ ಬಂದವು. ಗ್ಯಾಸ್ ಒಲೆಗೆ ಇದ್ದಲ್ಲೇ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟಳು. ಕೊನೆಗೆ ಗೌರಿಯನ್ನೂ ಇನ್ನೊಂದು ಹಸು ಕೆಂಚಿಯನ್ನೂ ಮೈತೊಳೆದು, ಚೆಂಡುಹೂವಿನ ಹಾರ ಹಾಕಿ, ಬೈಕಿನ ಪಕ್ಕದ ಗೂಟಕ್ಕೆ ಕಟ್ಟಿದಳು. ಬೂದುಗುಂಬಳ ಒಡೆಯುವುದು ಹೇಗೆಂದು ರವಿಗೆ ಟ್ರೈನಿಂಗ್ ಕೊಡುವುದರಲ್ಲಿ ಮುಳುಗಿದ್ದ ಯಜಮಾನರು, ಹೋಗುವ ಹಸು ಲಕ್ಷಣವಾಗಿ ಹೋಗಲಿ ಅಂದುಕೊಂಡು ಈ ತುದಿಯಿಂದ ಆ ತುದಿಯವರೆಗೆ ಮಂಗಳಾರತಿ ಎತ್ತಿದರು. ಕೆಂಚಿಯ ಹಣೆಗೆ ಕುಂಕುಮವನ್ನು ತಾವೇ ಇಟ್ಟರು.

ಪೂಜೆ ಮುಗಿಸಿ ಕಾಫಿ ಕೇಳಿದರು. ಒಲೆ ಪೂಜೆಗೆ ಕೂತಿದೆ ಅಂದಳು. ಊಟ? ಮುದ್ದೆ ಕೋಲೂ ಕೂತಿದೆ. ರವಿ ನಿಂಬೆಹಣ್ಣು ಹತ್ತಿಸಿ ಒಂದು ಸುತ್ತು ಹೋದವನು ಬುದ್ಧಿವಂತ, ವಾಪಸು ಬರಲಿಲ್ಲ. ಯಜಮಾನರು ಬಾಯಿ ತೆರೆದರು, ಆದರೆ ಫಿಟ್ಟರನ ಬೆರಳುಗಳು ಗಂಟಲಲ್ಲಿ ಅಡ್ಡ ಬಂದವು. ಮಧ್ಯಾಹ್ನವಿಡೀ ಜಗಲಿಯಲ್ಲಿ ಕೂತು ಪ್ರಸಾದದ ಕಡ್ಲೆಪುರಿ ತಿಂದರು.

ಸಂಜೆ ಚಿಕ್ಕಸ್ವಾಮಿ ಬಾಳೆಕಂದು ಕಟ್ಟಿದ ಗಾಡಿ ತಂದು ನಿಲ್ಲಿಸಿದ. ಹಗ್ಗ ಹಿಡಿದು ಬಂದವನು, ಮಚ್ಚು ಮಂಕರಿಗಳ ಸಾಲಿನಲ್ಲಿ ಕುಂಕುಮ ಇಟ್ಟುಕೊಂಡು ನಿಂತ ಹಸುಗಳನ್ನು ನೋಡಿ ಹಗ್ಗವನ್ನು ಹೆಗಲಿಗೇ ಹಾಕಿಕೊಂಡ.

‘ಪೂಜೆಗೆ ಕೂತಿರೋವ ನಾನ್ ಬಿಚ್ಚಕ್ಕಿಲ್ಲ ಸಾ. ನಂಗೂ ಎಂಡ್ತಿ ಮಕ್ಳವ್ರೆ. ನಾಳಿಕ್ಕೆ ಫೋನ್ ಮಾಡ್ತೀನಿ,’ ಎಂದು ಒಂದು ಹಿಡಿ ಕಡ್ಲೆಪುರಿ ಬಾಯಿಗೆ ಹಾಕಿಕೊಂಡು ಹೊರಟ.

ಯಜಮಾನರ ಸಿಟ್ಟೆಲ್ಲ ಆಗ ಕಿತ್ತುಕೊಂಡು ಬಂತು. ಬೀದಿಗೆ ಕೇಳುವಂತೆ ಅಂದರು, ‘ಹಸುವ ಯಾರಾದ್ರೂ ಆಯುಧ ಅಂತಾರಾ? ಸುಮ್ನೆ ಮನೇಲಿರೋಳ್ಗೆ ಯಾವ ಆಯುಧ?’

‘ನಿಮ್ದು ಯಾವ್ದು ತೋರ್ಸಿ,’ ಅಂದಳು ವಿಶಾಲಮ್ಮ.

ಅವರು ಮಣೆಯ ಮೇಲಿನ ಕ್ಯಾರಿಯರ್ರಿಗೆ ಬೆರಳು ಮಾಡಿದರು.

‘ಅದೂ ನಂದೇಯ. ಕೋಳಿ ಕೂಗಕ್ಕೆ ಮುಂಚೆ ಎದ್ದು ಅದ ತುಂಬ್ತಿದ್ದೋಳು ನಾನು. ನೀವು ತಿಂದ್ರಿ ಅಷ್ಟೇಯ.’

ಯಜಮಾನರು ಸಾಲನ್ನು ಒಂದು ಸಲ ಈ ಕಡೆಯಿಂದ ನೋಡಿದರು, ಇನ್ನೊಂದು ಸಲ ಆ ಕಡೆಯಿಂದ ನೋಡಿದರು. ಬೆಳಗ್ಗೆಯೇ ಹೋದ ಬೈಕು ರವಿಯದು. ಸ್ಪ್ಯಾನರೂ ರವಿಯದೇ. ಉಳಿದದ್ದೆಲ್ಲ ಇವಳದು. ಎತ್ತಿದ್ದ ಬೆರಳನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಇಳಿಸಿ, ಜಗಲಿಯ ಮೇಲೆ ಕೂತುಬಿಟ್ಟರು. ಎಷ್ಟೋ ವರ್ಷದಿಂದ ಕಾದಿಟ್ಟ ಮಾತು ಅಂದಾಯಿತಲ್ಲ, ವಿಶಾಲಮ್ಮನಿಗೆ ಹಗುರವಾಗಬೇಕಿತ್ತು, ಆಯಿತು ಕೂಡ. ಅದರ ಹಿಂದೆಯೇ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಗಂಡನ ಮೇಲಿನ ಸಿಟ್ಟನ್ನು ಹಸುಗಳ ಮೇಲೆ ತೀರಿಸಿಕೊಳ್ಳುವವಳು ಅವಳಲ್ಲ. ಕ್ಯಾನು ಪೂಜೆಗೆ ಕೂತಿತ್ತಲ್ಲ, ಅವತ್ತು ಕೆಲಸವಿಲ್ಲದೆ ಒಳಗಿದ್ದ ಪಾಯಸದ ಪಾತ್ರೆ ತಂದು, ಹಸುಗಳನ್ನು ಕಟ್ಟಿದ್ದಲ್ಲೇ ಎರಡರ ಹಾಲನ್ನೂ ಕರೆದು, ಡೈರಿಗೆ ನಡೆದಳು. ವಾಪಸು ಬಂದಾಗಲೂ ಯಜಮಾನರು ಅಲ್ಲೇ ಇದ್ದರು.

ವಿಜಯದಶಮಿಯ ಬೆಳಗ್ಗೆ ಅವಳು ಹೂವು ತೆಗೆದು, ಸಾಮಾನು ಕದಲಿಸಿ, ಹಸುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹಾಲು ಕರೆಯಲು ಕೂತಳು. ಬಾಗಿಲಲ್ಲಿ ನೆರಳು ಬಿತ್ತು. ಈ ಸಲ ಕೈ ಹಿಂದಕ್ಕೆ ಕಟ್ಟಿರಲಿಲ್ಲ. ಪಂಚೆ ಮೇಲೆತ್ತಿ ಕಟ್ಟಿತ್ತು. ಬಕೆಟ್ಟು ಅಲ್ಲಿಡು ಇಲ್ಲಿಡು ಅನ್ನುವ ಮಾತೂ ಇಲ್ಲ. ವಿಶಾಲಮ್ಮ ತಲೆಯೆತ್ತದೆ ಗದ್ದದಿಂದಲೇ ಮಂಕರಿ ತೋರಿಸಿದಳು. ಯಜಮಾನರು ಉಸಿರು ಬಿಗಿಹಿಡಿದು ಸಗಣಿಗೆ ಕೈ ಹಾಕಿದರು.

ಅರ್ಧ ಮಂಕರಿ ತುಂಬುವಷ್ಟರಲ್ಲಿ ಅವರ ಜೇಬಿನ ಫೋನು ಬಡಿದುಕೊಂಡಿತು. ಎರಡೇ ಬೆರಳಲ್ಲಿ ಎತ್ತಿ ನೋಡಿದರು.

‘ಚಿಕ್ಕಸ್ವಾಮಿ ಕಣೇ. ಏನಂತ ಹೇಳ್ಲಿ?’

ವಿಶಾಲಮ್ಮ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡೇ ಅಂದಳು, ‘ಡ್ಯೂಟೀಲಿವ್ನಿ ಅನ್ನಿ. ಅಂದ್ಬುಟ್ಟು ಕಟ್ ಮಾಡಿ.’